ಸೂಪರ್ ಮೀಟಿಯಾರ್ 650: ಆಸ್ಟ್ರಲ್, ಇಂಟರ್‌ಸ್ಟೆಲ್ಲರ್, ಸೆಲೆಸ್ಟಿಯಲ್‌ನಲ್ಲಿ ಮಂಡ್ಯದ ಕಡೆಗೆ ಯಾವುದು ಸರಿ?

ಸಕ್ಕರೆ_ಊರಿನವನು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಇದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ 36 ವರ್ಷ, ಎತ್ತರ ಐದೂವರೆ ಅಡಿ. ಊರು ಮಂಡ್ಯದಿಂದ ಆರು ಕಿಲೋಮೀಟರ್ ಒಳಗೆ, ನಾಲೆ ದಾಟಿದರೆ ನಮ್ಮ ಮನೆ. ಕೆಲಸ ಮೈಸೂರಿನಲ್ಲಿ, ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಸ್ಟೇಷನ್ ತನಕ ಹೋಗೋದಕ್ಕೆ ಹನ್ನೊಂದು ವರ್ಷದ 100 ಸಿಸಿ ಗಾಡಿ ಇದೆ, ಅದನ್ನು ಮಾರುವುದಿಲ್ಲ. ಈಗ ತೆಗೆದುಕೊಳ್ಳುವುದು ಭಾನುವಾರದ ಗಾಡಿ. ಪರ್ಫಾಮೆನ್ಸ್ ಕ್ರೂಸರ್, ಅಂದರೆ ಕಾಲು ಮುಂದೆ ಚಾಚಿ ಆರಾಮಾಗಿ ಕೂರುವ, ಆದರೂ ಜೋರಾಗಿ ಓಡುವ ಬೈಕು ಬೇಕು ಅಂತ ಕಾಲೇಜಿನ ದಿನದಿಂದ ಆಸೆ. ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯಾರ್ 650ಕ್ಕೆ ಮನಸ್ಸು ನಿಂತಿದೆ.

ತಲೆನೋವು ವೇರಿಯಂಟ್‌ದು. ಶೋರೂಮಿನ ಹುಡುಗ ಸೆಲೆಸ್ಟಿಯಲ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ನನ್ನ ಭಾವಮೈದ ಇಂಟರ್‌ಸ್ಟೆಲ್ಲರ್ ಹಸಿರು ಅಂತ ಹಟ ಹಿಡಿದಿದ್ದಾನೆ, ಅವನೇ ದುಡ್ಡು ಕೊಡುವವನ ಥರ. ಜೇಬು ಮಾತ್ರ ಆಸ್ಟ್ರಲ್ ಕಡೆ ಕೈ ತೋರಿಸುತ್ತಿದೆ. ಹೆಚ್ಚಿನ ಭಾನುವಾರ ಮನೆಯವಳು ಜೊತೆಗೆ ಬರುತ್ತಾಳೆ. ಅಪರೂಪಕ್ಕೆ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು.

ಮೂರಕ್ಕೂ ಪವರ್‌ನಲ್ಲಿ ಏನಾದರೂ ವ್ಯತ್ಯಾಸ ಇದೆಯಾ? ಗಾಜು, ದೊಡ್ಡ ಸೀಟು, ಹಿಂದಿನ ಒರಗು ಇವಕ್ಕೆಲ್ಲ ಅಷ್ಟು ದುಡ್ಡು ಕೊಡಬಹುದಾ? ಇಟ್ಟುಕೊಂಡಿರುವವರು ಹೇಳಿ.

ಟಾರ್ಕ್_ಟಾಕೀಸ್ · ಸೋಮವಾರ ರಾತ್ರಿ 10:05

ಪವರ್ ವ್ಯತ್ಯಾಸ ಸೊನ್ನೆ. ಮೂರಕ್ಕೂ ಅದೇ 648 ಸಿಸಿ, ಎರಡು ಸಿಲಿಂಡರ್ ಇಂಜಿನ್. 7250 ಆರ್‌ಪಿಎಂನಲ್ಲಿ 47 ಪಿಎಸ್ (ಅಶ್ವಶಕ್ತಿ), 5650ರಲ್ಲಿ 52.3 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ಆರು ಗೇರ್. ಫೋರ್ಕ್, ಬ್ರೇಕ್, ಚಾಸಿ, 15.7 ಲೀಟರ್ ಟ್ಯಾಂಕ್ ಎಲ್ಲವೂ ಅವೇ. ಆಸ್ಟ್ರಲ್‌ಗೆ ಮೈಗೆಲ್ಲ ಒಂದೇ ಬಣ್ಣ. ಇಂಟರ್‌ಸ್ಟೆಲ್ಲರ್‌ಗೆ ಎರಡು ಬಣ್ಣ. ಸೆಲೆಸ್ಟಿಯಲ್‌ಗೆ ಎರಡು ಬಣ್ಣದ ಜೊತೆಗೆ ಮುಂದೆ ಗಾಜು, ಅಗಲ ಸೀಟು, ಹಿಂದೆ ಒರಗು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇದು ಪರ್ಫಾಮೆನ್ಸ್ ಕ್ರೂಸರ್ ಅಲ್ಲ. 241 ಕೆಜಿ ಗಾಡಿಗೆ 47 ಪಿಎಸ್. ಇದು ನೆಮ್ಮದಿಯ ಕ್ರೂಸರ್. ಕವಾಸಾಕಿ ವಲ್ಕನ್ ಎಸ್ ನೋಡಿ, ಅದೂ 649 ಸಿಸಿ, ಆದರೆ 61 ಪಿಎಸ್. ಪರ್ಫಾಮೆನ್ಸ್ ಅಂತ ಎದೆ ತಟ್ಟಿ ಹೇಳಬೇಕೆಂದರೆ ಟ್ರಯಂಫ್ ರಾಕೆಟ್ 3. ಮೂರೇ ಸಿಲಿಂಡರಿಗೆ 2458 ಸಿಸಿ, ಅಂದರೆ ಎರಡು ಸ್ವಿಫ್ಟ್ ಕಾರಿನ ಇಂಜಿನ್ ಸೇರಿಸಿದಷ್ಟು. 2019ರಲ್ಲಿ ಬಂದಾಗಲೇ 167 ಪಿಎಸ್, 221 ನ್ಯೂಟನ್ ಮೀಟರ್. ಹಿಂದಿನ ಟೈರ್ 240 ಸೈಜು.

ಸುಮ್ನೆ_ನೋಡುವವ · ಸೋಮವಾರ ರಾತ್ರಿ 10:11

240 ಟೈರಾ? ಅಷ್ಟು ಅಗಲದ ಟೈರು ನಮ್ಮ ಮಾವನ ಪವರ್ ಟಿಲ್ಲರ್‌ಗೂ ಇಲ್ಲ.

ಟಾರ್ಕ್_ಟಾಕೀಸ್ · ಸೋಮವಾರ ರಾತ್ರಿ 10:20

ನಗಬೇಡಿ, ರಾಕೆಟ್ ಹೆಸರು ತೆಗೆದದ್ದಕ್ಕೆ ಕಾರಣ ಇದೆ. ಅದರಲ್ಲೂ ಆರ್ ಮತ್ತು ಜಿಟಿ ಅಂತ ಎರಡು ಇವೆ. ಇಂಜಿನ್ ಒಂದೇ. ಆರ್‌ನಲ್ಲಿ ಕಾಲು ಹೆಚ್ಚುಕಡಿಮೆ ಹೊಟ್ಟೆಯ ಕೆಳಗೆ ಬರುತ್ತದೆ, ಸೀಟು 773 ಮಿಲಿಮೀಟರ್. ಜಿಟಿಯಲ್ಲಿ ಕಾಲು ಮುಂದಕ್ಕೆ ಚಾಚುತ್ತದೆ, ಹ್ಯಾಂಡಲ್ ಎದೆಯ ಹತ್ತಿರ ಬರುತ್ತದೆ, ಸೀಟು 750, ಹಿಂದೆ ಕೂರುವವರಿಗೆ ಒರಗು. ಇಷ್ಟು ದೊಡ್ಡ ಗಾಡಿಯಲ್ಲೂ ವೇರಿಯಂಟ್ ಅಂದರೆ ಇಂಜಿನ್ ಬದಲಾಗಲಿಲ್ಲ, ಕೂರುವ ರೀತಿ ಬದಲಾಯಿತು ಅಷ್ಟೇ. ಸೂಪರ್ ಮೀಟಿಯಾರ್‌ನಲ್ಲಿ ಅದೂ ಪೂರ್ತಿ ಇಲ್ಲ, ಹಿಂದಿನವರ ಅರ್ಧ ಮಾತ್ರ ಬದಲಾಗುತ್ತದೆ. ಹಾಗಾಗಿ ಪವರ್ ಪ್ರಶ್ನೆ ಕೈಬಿಟ್ಟು, ಯಾರು ಎಷ್ಟು ಹೊತ್ತು ಕೂರುತ್ತಾರೆ ಅಂತ ಕೇಳಿಕೊಳ್ಳಿ.

ಪಶ್ಚಿಮವಾಹಿನಿ · ಸೋಮವಾರ ರಾತ್ರಿ 10:48

ಶ್ರೀರಂಗಪಟ್ಟಣದವನು ನಾನು. ಆಸ್ಟ್ರಲ್ ಕಪ್ಪು, 14,000 ಕಿಲೋಮೀಟರ್ ಓಡಿದೆ.

ಮೊದಲು ಒಂದು ಕಹಿ ಮಾತು ಹೇಳಿಬಿಡುತ್ತೇನೆ. ಶೋರೂಮಿನಲ್ಲಿ "ಸಾರ್, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಕಣ್ಣು ಮುಚ್ಚಿ ತಗೊಳ್ಳಿ" ಅಂದಿರಬೇಕು. ನನಗೂ ಹಾಗೇ ಅಂದಿದ್ದರು. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ. ಆಟೋ, ಟ್ರ್ಯಾಕ್ಟರ್, ಬೈಕು ಎಲ್ಲ ಒಂದೇ ಪಟ್ಟಿಯಲ್ಲಿ. 650 ಆದರೂ ಅಷ್ಟೇ, ಮೊಪೆಡ್ ಆದರೂ ಅಷ್ಟೇ. ಬೇಲಿಯ ಆಚೆ ಕಾರುಗಳು ನೂರರಲ್ಲಿ ಹೋಗುತ್ತಿರುತ್ತವೆ. ಈಚೆ ಸರ್ವಿಸ್ ರಸ್ತೆಯಲ್ಲಿ ನಾನು ಮೂರನೇ ಗೇರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ. ಎದುರಿಂದ ರಾಂಗ್ ಸೈಡಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಗಾಡಿ. ಇದು ನನ್ನ ಕ್ರೂಸಿಂಗು.

ಗಾಡಿ ಕೆಟ್ಟದ್ದು ಅಂತಲ್ಲ. ನಂಜನಗೂಡು ದಾಟಿ ಗುಂಡ್ಲುಪೇಟೆ ರಸ್ತೆಗೆ ಬಿಟ್ಟು ನೋಡಿ, ಐದನೇ ಗೇರಿನಲ್ಲಿ ಹಾಗೇ ತೇಲಿಕೊಂಡು ಹೋಗುತ್ತದೆ. ಮಂಡ್ಯದಿಂದ ಬಸರಾಳು ಮೇಲೆ ನಾಗಮಂಗಲ, ಮದ್ದೂರಿನಿಂದ ಮಳವಳ್ಳಿ, ಶಿವನಸಮುದ್ರ, ಇವೆಲ್ಲ ಚೆಂದ. ಆದರೆ ಇವು ಯಾವುವೂ 120ರಲ್ಲಿ ಹೋಗುವ ರಸ್ತೆಗಳಲ್ಲ. 60, 70, ಜಾಸ್ತಿ ಅಂದರೆ 80. ಆ ವೇಗಕ್ಕೆ ಮುಂದಿನ ಗಾಜು ಬೇಕಾ? ನನಗೆ ಬೇಡ ಅನ್ನಿಸಿತು.

ಹಂಪಿನ ವಿಷಯ ಬೇರೆ ಇದೆ, ನಾಳೆ ಬರೆಯುತ್ತೇನೆ. ಕಣ್ಣು ಎಳೆಯುತ್ತಿದೆ.

ಕುವೆಂಪುನಗರ_ಕ್ರೂಸರ್ · ಮಂಗಳವಾರ ಬೆಳಿಗ್ಗೆ 7:15

ಗಾಜಿನ ಬಗ್ಗೆ ಅಷ್ಟು ಸುಲಭಕ್ಕೆ ತೀರ್ಪು ಕೊಡಬೇಡಿ ಸಾರ್. ಸೆಲೆಸ್ಟಿಯಲ್ ಕೆಂಪು ನನ್ನದು. ಹುಣಸೂರು ಮೇಲೆ ಮಡಿಕೇರಿಗೆ ತಿಂಗಳಿಗೊಮ್ಮೆ ಹೋಗುತ್ತೇನೆ, ಅಲ್ಲಿ ತಂಗಿ ಮನೆ. ಕ್ರೂಸರ್‌ನಲ್ಲಿ ಕಾಲು ಮುಂದಿರುತ್ತದೆ, ಎದೆ ನೆಟ್ಟಗೆ ಇರುತ್ತದೆ, ಪಟ ಬಿಚ್ಚಿದ ದೋಣಿ ಥರ. 80ರ ಮೇಲೆ ಗಾಳಿ ಎದೆಗೆ ಒತ್ತುವಾಗ ಹ್ಯಾಂಡಲ್ ಹಿಡಿದು ನೇತಾಡಿದ ಹಾಗೆ ಆಗುತ್ತದೆ. ಮುಂದಕ್ಕೆ ಬಗ್ಗಿ ಓಡಿಸುವ ಗಾಡಿಯಲ್ಲಿ ಈ ಸಮಸ್ಯೆ ಅಷ್ಟು ಇಲ್ಲ. ಗಾಜು ಇದ್ದರೆ ಎರಡು ಗಂಟೆ ಆದ ಮೇಲೆ ಭುಜ ಹಗುರ.

ಸಂಜೆ ಹೊತ್ತು ಗದ್ದೆ ಬಯಲಿನಲ್ಲಿ ಹೋಗುವವರಿಗೆ ಇನ್ನೊಂದು ಲಾಭ. ದೀಪದ ಹುಳ! ಎಲ್ಲ ಗಾಜಿಗೆ ಅಂಟುತ್ತದೆ, ಬಾಯಿಗೆ ಬರುವುದಿಲ್ಲ. ಒರೆಸುವಾಗ ಮಾತ್ರ ಹುಷಾರು. ಒಣ ಬಟ್ಟೆಯಲ್ಲಿ ಗಸಗಸ ಉಜ್ಜಿ ಮೊದಲ ತಿಂಗಳಲ್ಲೇ ನನ್ನ ಗಾಜಿಗೆ ಬಲೆ ಕಟ್ಟಿದ ಹಾಗೆ ಗೆರೆ ಬಿತ್ತು. ಎದುರಿನ ಲಾರಿ ಬೆಳಕು ಬಿದ್ದರೆ ಆ ಗೆರೆಗಳೆಲ್ಲ ಹೊಳೆಯುತ್ತವೆ. ಈಗ ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಡುತ್ತೇನೆ, ಹುಳ ನೆನೆದು ತಾನೇ ಬರುತ್ತದೆ.

ಪಶ್ಚಿಮವಾಹಿನಿ · ಮಂಗಳವಾರ ಬೆಳಿಗ್ಗೆ 8:02

ನಿಮ್ಮ ಎತ್ತರ ಎಷ್ಟು ಸಾರ್? ನಾನು ಆರಡಿ. ಸ್ನೇಹಿತನ ಸೆಲೆಸ್ಟಿಯಲ್ ಓಡಿಸಿದೆ. ಗಾಜಿನ ಮೇಲಂಚಿನಿಂದ ಜಾರಿದ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿಯುತ್ತದೆ. ತಗಡಿನ ಶೀಟಿನ ಕೆಳಗೆ ಕೂತ ಹಾಗೆ ಒಂದೇ ಸಮ ಗಡಗಡ. ಗಾಜಿಲ್ಲದ ನನ್ನ ಗಾಡಿಯಲ್ಲಿ ಗಾಳಿ ಜೋರು, ಆದರೆ ಸಮವಾಗಿ ಬರುತ್ತದೆ.

ಕುವೆಂಪುನಗರ_ಕ್ರೂಸರ್ · ಮಂಗಳವಾರ ಬೆಳಿಗ್ಗೆ 8:10

ಐದಡಿ ಏಳು. ಹೌದು, ಎತ್ತರದ ಮೇಲೆ ಹೋಗುತ್ತದೆ ಅದು, ಒಪ್ಪಿದೆ. ಐದೂವರೆ ಅಡಿಯವರಿಗೆ ನನ್ನ ಅನುಭವವೇ ಹತ್ತಿರ ಅಲ್ವಾ?

ಲೆಕ್ಕದ_ಪುಸ್ತಕ · ಮಂಗಳವಾರ ಮಧ್ಯಾಹ್ನ 1:30

ಊಟದ ವಿರಾಮದಲ್ಲಿ ಒಂದು ಲೆಕ್ಕ. 2023ರ ಜನವರಿಯಲ್ಲಿ ಬಿಡುಗಡೆ ಆದಾಗ ಎಕ್ಸ್ ಶೋರೂಮ್ ಬೆಲೆ ಆಸ್ಟ್ರಲ್ 3.48 ಲಕ್ಷ, ಇಂಟರ್‌ಸ್ಟೆಲ್ಲರ್ 3.63, ಸೆಲೆಸ್ಟಿಯಲ್ 3.78. ಮೆಟ್ಟಿಲಿಗೆ 15 ಸಾವಿರ. ಈಗ ಬೆಲೆ ಮೇಲೆ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅದರ ಮೇಲಿನದಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಹಬ್ಬಕ್ಕೆ 350 ತೆಗೆದುಕೊಂಡವರು ಸಿಹಿ ಹಂಚಿದರು, 650 ಬುಕ್ ಮಾಡಿದವರು ಬಾಯಿ ಮುಚ್ಚಿಕೊಂಡು ಕೂತರು.

ನಾನು ಹೇಳಬೇಕಾದದ್ದು ಜೀವಾವಧಿ ತೆರಿಗೆ. ನಮ್ಮ ರಾಜ್ಯದಲ್ಲಿ ಲಕ್ಷದ ಮೇಲಿನ ಬೈಕಿಗೆ ಶೇಕಡಾ 18, ಅದರ ಮೇಲೆ ಸೆಸ್. ಅಂದರೆ ಆಸ್ಟ್ರಲ್ ಬಿಟ್ಟು ಸೆಲೆಸ್ಟಿಯಲ್‌ಗೆ 30 ಸಾವಿರ ಜಾಸ್ತಿ ಕೊಟ್ಟರೆ, ಆ 30 ಸಾವಿರಕ್ಕೂ 5,400 ತೆರಿಗೆ ಬೀಳುತ್ತದೆ. ನೀವು ಸೀಟಿಗೂ ಗಾಜಿಗೂ ರೋಡ್ ಟ್ಯಾಕ್ಸ್ ಕಟ್ಟಿದ ಹಾಗೆ. ಅದೇ ಸೀಟು, ಗಾಜು, ಒರಗು ಎಲ್ಲವೂ ಕಂಪನಿಯ ಆಕ್ಸೆಸರಿಯಾಗಿ ಬಿಡಿಬಿಡಿಯಾಗಿ ಸಿಗುತ್ತವೆ. ಆಸ್ಟ್ರಲ್ ತೆಗೆದುಕೊಂಡು, ರಿಜಿಸ್ಟ್ರೇಷನ್ ಆದ ಮೇಲೆ ಬೇಕಾದ್ದನ್ನು ಮಾತ್ರ ಹಾಕಿಸಿದರೆ ಆ ಹೊರೆ ಇಲ್ಲ. ಇನ್ಶೂರೆನ್ಸ್‌ನಲ್ಲಿ ಮಾತ್ರ ಆಕ್ಸೆಸರಿ ಬರೆಸಿಕೊಳ್ಳಿ. ಬರೆಸದಿದ್ದರೆ ಗಾಡಿ ಬಿದ್ದಾಗ ಆ ಸಾಮಾನಿಗೆ ಕ್ಲೇಮ್ ಕೇಳುವುದು ಕಷ್ಟ.

ಮೂರನ್ನೂ ಬೇಕೇ ಬೇಕು ಅನ್ನುವವರಿಗೆ ಸೆಲೆಸ್ಟಿಯಲ್ ಸರಿ. ಒಂದೋ ಎರಡೋ ಸಾಕು ಅನ್ನುವವರಿಗೆ ಅಲ್ಲ.

ಹಾಂ, ಕೊಟೇಶನ್ನಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಇರುತ್ತದೆ. ಅದು ಯಾತಕ್ಕೆ ಅಂತ ಜೋರಾಗಿ ಕೇಳಿ. ನಾನು ನನ್ನ ಹಿಂದಿನ ಗಾಡಿ ತೆಗೆದುಕೊಂಡಾಗ ಮೂರು ಸಲ ಕೇಳಿದೆ. ಮೂರನೇ ಸಲಕ್ಕೆ ಆ ಸಾಲೇ ಮಾಯ.

ರೋಡ್‌ಕಿಂಗ್_ಮೇಷ್ಟ್ರು · ಮಂಗಳವಾರ ಸಂಜೆ 6:50

ಮಕ್ಕಳೇ, ಈ ಆಸ್ಟ್ರಲ್, ಸೆಲೆಸ್ಟಿಯಲ್ ಅನ್ನುವ ಹೆಸರು ಕೇಳಿದರೆ ಖಗೋಳದ ಪಾಠ ಮಾಡಿದ ಹಾಗಿದೆ.

ನನ್ನ ಹತ್ತಿರ ಈಗಲೂ ಯೆಜ್ಡಿ ರೋಡ್‌ಕಿಂಗ್ ಇದೆ, ಭಾನುವಾರ ಬೆಳಿಗ್ಗೆ ಒಂದು ಸುತ್ತು. ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. 1961ರಿಂದ ಜಾವಾ, 1973ರಿಂದ ಯೆಜ್ಡಿ, 1996ಕ್ಕೆ ಬಾಗಿಲು ಹಾಕಿತು. ಆಗ ಸಂಜೆ ಶಿಫ್ಟು ಬಿಟ್ಟರೆ ಆ ರಸ್ತೆಯಲ್ಲಿ ಸೈಕಲ್ಲುಗಳದೇ ಸಾಲು. ರೋಡ್‌ಕಿಂಗ್‌ನ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್. ಮೇಲಕ್ಕೆ ತಿರುಗಿಸಿ ಒದ್ದರೆ ಸ್ಟಾರ್ಟು, ಮುಂದಕ್ಕೆ ಬಿಟ್ಟರೆ ಗೇರು. ಈಗಿನ ಹುಡುಗರು ಕಿಕ್ಕರ್ ಎಲ್ಲಿ ಅಂತ ಬಲಗಡೆ ಹುಡುಕುತ್ತಾರೆ. ನಾನು ಸುಮ್ಮನಿದ್ದು ನೋಡುತ್ತೇನೆ.

ವಿಷಯಕ್ಕೆ ಬರುತ್ತೇನೆ. ಪಂಚಲಿಂಗ ದರ್ಶನಕ್ಕೆ ತಲಕಾಡಿಗೆ ಅದೇ ಗಾಡಿಯಲ್ಲಿ ಹೋದೆವು, ನಾನು ಮತ್ತು ನಮ್ಮ ಮನೆಯವರು. ಅವರು ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರು. ಸಕ್ಕರೆ ಊರಿನವರೇ, ನಿಮ್ಮ ತಾಯಿಯವರೂ ಹಾಗೇ ಕೂರುವವರಿರಬೇಕು. ಹೋದ ತಿಂಗಳು ಪಕ್ಕದ ಮನೆ ಹುಡುಗ ಇದೇ ಸೆಲೆಸ್ಟಿಯಲ್ ತಂದ. ಮನೆಯವರನ್ನು ಕೂರಿಸಿ ನೋಡಿದೆವು. ಹಿಂದಿನ ಒರಗು ಅವರ ಎಡ ಪಕ್ಕೆಗೆ ಒತ್ತುತ್ತದೆ. ಒರಗು ಮಾಡಿರುವುದು ಎರಡೂ ಕಡೆ ಕಾಲು ಹಾಕಿ ಕೂರುವವರ ಬೆನ್ನಿಗೆ. ಪಕ್ಕಕ್ಕೆ ತಿರುಗಿ ಕೂತವರಿಗೆ ಅದು ಗೂಟ. "ಇದಕ್ಕಿಂತ ನಿಮ್ಮ ಹಳೇ ಡಬ್ಬವೇ ವಾಸಿ" ಅಂದು ಇಳಿದರು.

ಹಳೇ ಡಬ್ಬ ಅಂದದ್ದು ಬೈಕಿಗೆ ಅಂತ ನಾನು ಅಂದುಕೊಂಡಿದ್ದೇನೆ.

ಹಿಂದಿನ_ಸೀಟು · ಮಂಗಳವಾರ ರಾತ್ರಿ 9:25

ಇಷ್ಟು ಹೊತ್ತಿಗೆ ಹಿಂದೆ ಕೂರುವವರ ನೆನಪಾಯಿತಲ್ಲ, ಸಂತೋಷ. ಮೇಷ್ಟ್ರ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಾನು ಬೈಕ್ ಓಡಿಸುವುದಿಲ್ಲ. ನನ್ನ ಗಂಡ ಓಡಿಸುತ್ತಾರೆ, ನಾನು ಎಂಟು ವರ್ಷದಿಂದ ಅವರ ಜಾಕೆಟ್ಟಿನ ಬೆನ್ನು ನೋಡುತ್ತಿದ್ದೇನೆ. ಆ ಜಾಕೆಟ್ಟಿನಲ್ಲಿ ಎಷ್ಟು ಹೊಲಿಗೆ ಇದೆ ಅಂತ ಬೇಕಾದರೆ ಹೇಳುತ್ತೇನೆ.

ಮೊದಲು ಆಸ್ಟ್ರಲ್ ತಂದರು. ಮುಂದಿನ ಸೀಟು ಸೋಫಾ ಥರ ಇತ್ತು. ಹಿಂದಿನ ಸೀಟು ಅಂದರೆ ಸೋಫಾ ಕೊಂಡಾಗ ಪುಕ್ಕಟೆ ಕೊಟ್ಟ ದಿಂಬು. ಮೈಸೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟೆವು. ಟಿ. ನರಸೀಪುರದ ತನಕ ಮಾತಾಡಿದೆ. ಕೊಳ್ಳೇಗಾಲಕ್ಕೆ ಬರುವಷ್ಟರಲ್ಲಿ ಮಾತು ನಿಂತಿತ್ತು. ಹನೂರಿನಲ್ಲಿ ಟೀ ಕುಡಿಯಲು ಇಳಿದಾಗ ಬಲಗಾಲು ನೆಲಕ್ಕೆ ಮುಟ್ಟಿತಾ ಇಲ್ಲವಾ ಅಂತಲೇ ಗೊತ್ತಾಗಲಿಲ್ಲ, ಜೋಮು ಹಿಡಿದಿತ್ತು. ಅಂಗಡಿಯ ಅಜ್ಜಿ ಬಂದು ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ನನ್ನ ಗಂಡ ಆಗ ಬೈಕಿನ ಫೋಟೋ ತೆಗೆಯುತ್ತಿದ್ದರು.

ತಾಳುಬೆಟ್ಟ ದಾಟಿ ತಿರುವುಗಳು ಶುರುವಾದ ಮೇಲೆ ಇನ್ನೊಂದು. ಹತ್ತುವಾಗ ಪ್ರತಿ ಗೇರಿಗೂ ಹಿಂದಕ್ಕೆ ಜಾರುತ್ತೇನೆ. ಹಿಂದೆ ಏನೂ ಇಲ್ಲ, ಖಾಲಿ. ಎರಡೂ ಕೈಯಲ್ಲಿ ಅವರ ಬೆಲ್ಟ್ ಹಿಡಿದುಕೊಂಡಿದ್ದೆ. ಇಳಿಯುವಾಗ ಅವರ ಬೆನ್ನಿಗೆ ಒತ್ತಿಕೊಂಡು ಬಂದೆ. ಆವತ್ತು ನಾನು ದೇವರಲ್ಲಿ ಬೇಡಿಕೊಂಡದ್ದು ಬಸ್ಸು.

ಮುಂದಿನ ವಾರ ಅಗಲ ಸೀಟು ಮತ್ತು ಒರಗು ಹಾಕಿಸಿದರು. ಒರಗು ಬೆನ್ನು ಆನಿಸುವುದಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಹಿಂದೆ ಏನೋ ಇದೆ ಅನ್ನುವ ಧೈರ್ಯಕ್ಕೆ ಅದು. ಅದಾದ ಮೇಲೆ ಬೆಲ್ಟ್ ಹಿಡಿಯುವುದು ಬಿಟ್ಟೆ. ಶಿವನಸಮುದ್ರಕ್ಕೆ ಹೋಗುವಾಗ ಒಂದು ಸಲ ತೂಕಡಿಸಿದೆ, ಅದನ್ನು ಅವರಿಗೆ ಹೇಳಿಲ್ಲ.

ಗಾಜಿನ ಬಗ್ಗೆ ಇಷ್ಟು ಚರ್ಚೆ ಮಾಡುತ್ತಿದ್ದೀರಿ. ಹಿಂದೆ ಕೂತವರಿಗೆ ಅದು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ, ಗಂಡನೇ ಗಾಜು. ಸಕ್ಕರೆ ಊರಿನ ಅಣ್ಣ, ಟೆಸ್ಟ್ ರೈಡ್‌ಗೆ ನಿಮ್ಮವರನ್ನು ಹಿಂದೆ ಕೂರಿಸಿಕೊಂಡು ಹೋಗಿ. ಶೋರೂಮಿನ ಸುತ್ತ ಎರಡು ರೌಂಡು ಅಲ್ಲ, ಅರ್ಧ ಗಂಟೆ. ಕೊಡುವುದಿಲ್ಲ ಅಂದರೆ ಇಲ್ಲಿ ಯಾರದ್ದಾದರೂ ಗಾಡಿ ಕೇಳಿ.

ಟಾರ್ಕ್_ಟಾಕೀಸ್ · ಮಂಗಳವಾರ ರಾತ್ರಿ 9:40

"ಗಂಡನೇ ಗಾಜು". ನಾನು ಹಾಕಿದ ಎಲ್ಲ ಅಂಕಿಸಂಖ್ಯೆ ವಾಪಸ್ ತಗೊಂಡೆ.

ಐದಡಿ_ಎರಡಿಂಚು · ಬುಧವಾರ ಬೆಳಿಗ್ಗೆ 6:30

ನಾನು ಓಡಿಸುವವಳು, ಇಂಟರ್‌ಸ್ಟೆಲ್ಲರ್ ಹಸಿರು. ಹೌದು, ಬರೀ ಬಣ್ಣಕ್ಕೆ ದುಡ್ಡು ಕೊಟ್ಟೆ. ಯಾರೂ ಪಾಠ ಹೇಳಬೇಡಿ. ದಿನಾ ಬೆಳಿಗ್ಗೆ ಗೇಟು ತೆಗೆದಾಗ ಒಂದು ಸಲ ನೋಡುತ್ತೇನಲ್ಲ, ಅಲ್ಲಿಗೆ ನನ್ನ ಲೆಕ್ಕ ಸರಿಹೋಯಿತು.

ಸೀಟು 740 ಮಿಲಿಮೀಟರ್, ನನಗೂ ಎರಡೂ ಕಾಲು ನೆಲಕ್ಕೆ ಊರುತ್ತದೆ. ಓಡಲು ಶುರುವಾದರೆ 241 ಕೆಜಿ ಅಂತ ಅನ್ನಿಸುವುದೇ ಇಲ್ಲ. ನಿಂತಾಗ ಅನ್ನಿಸುತ್ತದೆ. ಮೊದಲ ವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಇಳಿಜಾರಿನ ಕಡೆ ಮೂತಿ ಮಾಡಿ ಗೋಡೆಗೆ ಎದುರಾಗಿ ನಿಲ್ಲಿಸಿಬಿಟ್ಟೆ. ವಾಪಸ್ ಬಂದು ಹಿಂದಕ್ಕೆ ಎಳೆದರೆ ಒಂದಿಂಚು ಅಲ್ಲಾಡಲಿಲ್ಲ. ರಿವರ್ಸ್ ಗೇರ್ ಇಲ್ಲವಲ್ಲ! ಮುಂದೆ ಗೋಡೆ, ಹಿಂದೆ ಏರು. ಕಡೆಗೆ ಹಣ್ಣುಕಾಯಿ ಮಾರುವ ಇಬ್ಬರು ಬಂದು ಹಿಂದಿನಿಂದ ಜಗ್ಗಿದರು. ಒಬ್ಬರು "ಏನಮ್ಮಾ, ಇದಕ್ಕಿಂತ ನಮ್ಮ ನಂದಿ ಹಗುರ" ಅಂದರು.

ಅವತ್ತಿನಿಂದ ಎಲ್ಲಿ ಹೋದರೂ ಮೂತಿ ಏರಿನ ಕಡೆ, ಇಲ್ಲವೇ ರಸ್ತೆ ಕಡೆ. ಸೈಡ್ ಸ್ಟ್ಯಾಂಡ್ ಕೆಳಗೆ ಮಣ್ಣು ಮೆತ್ತಗಿದ್ದರೆ ಚಪ್ಪಟೆ ಕಲ್ಲು. ಕಬ್ಬಿನ ಗದ್ದೆ ಪಕ್ಕ ನಿಲ್ಲಿಸುವವರು ನೀವು, ನಾಲೆ ನೀರು ಬಿಟ್ಟ ದಿನ ನೋಡಿಕೊಳ್ಳಿ.

ಸುಮ್ನೆ_ನೋಡುವವ · ಬುಧವಾರ ಬೆಳಿಗ್ಗೆ 9:00

ಶಾಟ್‌ಗನ್ 650 ಯಾಕೆ ಯಾರೂ ಹೇಳಲಿಲ್ಲ? ಅದೇ ಇಂಜಿನ್ ತಾನೇ?

ಟಾರ್ಕ್_ಟಾಕೀಸ್ · ಬುಧವಾರ ಬೆಳಿಗ್ಗೆ 9:12

ಅದೇ ಇಂಜಿನ್. 2024ರ ಜನವರಿಯಲ್ಲಿ ಬಂತು. ಕಾಲು ಅಷ್ಟು ಮುಂದಕ್ಕೆ ಚಾಚುವುದಿಲ್ಲ, ಸೀಟು 795 ಮಿಲಿಮೀಟರ್, ಟ್ಯಾಂಕ್ 13.8 ಲೀಟರ್. ಒಬ್ಬನೇ ಓಡಿಸುವವನಾದರೆ ನಾನು ಅದನ್ನೇ ಹೇಳುತ್ತಿದ್ದೆ. ಇಲ್ಲಿ ಮನೆಯವರು, ಅಮ್ಮ ಎಲ್ಲ ಇದ್ದಾರೆ. ಬೇಡ.

ಪಶ್ಚಿಮವಾಹಿನಿ · ಬುಧವಾರ ಸಂಜೆ 7:30

ಬಾಕಿ ಇದ್ದ ಹಂಪಿನ ಪುರಾಣ.

ಈ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, 135 ಮಿಲಿಮೀಟರ್, ಹದಿಮೂರೂವರೆ ಸೆಂಟಿಮೀಟರ್. ಎರಡು ಚಕ್ರದ ನಡುವೆ ಒಂದೂವರೆ ಮೀಟರ್ ದೂರ. ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಲೆಕ್ಕದ ಹಂಪು ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥದ್ದರ ಮೇಲೆ ಗಾಡಿ ಹತ್ತಿ ಇಳಿಯುತ್ತದೆ, ತೊಂದರೆಯೇ ಇಲ್ಲ. ನಮ್ಮ ಊರುಗಳ ಹಂಪು ಹಾಗಿರುವುದಿಲ್ಲ. ಯಾರೋ ಬಿದ್ದು ಕಾಲು ಮುರಿದುಕೊಂಡ ಮಾರನೇ ದಿನ ಊರಿನವರೇ ಸೇರಿ ಹಾಕಿರುತ್ತಾರೆ. ಎರಡಡಿ ಅಗಲ, ಗೋಡೆ ಥರ ನೆಟ್ಟಗೆ. ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ಹೊಟ್ಟೆ ಹಂಪಿನ ನೆತ್ತಿಯ ಮೇಲೆ. ಕರ್ರ್ ಅಂತ ಒಂದು ಸದ್ದು ಬರುತ್ತದೆ. ಆ ಸದ್ದು ಹೊಟ್ಟೆಯೊಳಗೆ ಕೇಳಿಸುತ್ತದೆ, ಕಿವಿಗಲ್ಲ.

ಒಬ್ಬನೇ ಇದ್ದಾಗ ಪಾರಾಗುವ ಹಂಪು ಇಬ್ಬರು ಕೂತರೆ ತಗಲುತ್ತದೆ, ಶಾಕಪ್ ಕುಗ್ಗಿರುತ್ತದಲ್ಲ. ಹಿಂದಿನ ಶಾಕಪ್ ಆಟವೇ 101 ಮಿಲಿಮೀಟರ್. ಕ್ರೂಸರ್‌ನಲ್ಲಿ ಕಾಲು ಮುಂದಿರುವುದರಿಂದ ಎದ್ದು ನಿಂತು ಏಟು ತಪ್ಪಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಬಂದದ್ದೆಲ್ಲ ಸೊಂಟಕ್ಕೆ. ಇದು ಮೂರು ವೇರಿಯಂಟಿಗೂ ಒಂದೇ, ಸೆಲೆಸ್ಟಿಯಲ್ ತೆಗೆದುಕೊಂಡರೂ ಹೊಟ್ಟೆ ಮೇಲೆ ಏರುವುದಿಲ್ಲ. ಬಣ್ಣ ಆರಿಸುವ ಮೊದಲು ನಿಮ್ಮ ಮನೆಗೆ ಹೋಗುವ ದಾರಿಯ ಹಂಪು ಅಳೆಯಿರಿ ಸಾರ್.

ಸುಗ್ಗಿಯಲ್ಲಿ ಇನ್ನೊಂದು. ಹುರುಳಿ, ರಾಗಿ ಒಕ್ಕಣೆಗೆ ರಸ್ತೆಗೇ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಮುಟ್ಟಬೇಡಿ, ಕ್ಲಚ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಮುಂಚೆಯೇ ನಿಧಾನ ಮಾಡಿ ನೆಟ್ಟಗೆ ದಾಟಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಇದೆ ಅನ್ನುವ ಧೈರ್ಯ ಹುರುಳಿ ಸೊಪ್ಪಿನ ಮೇಲೆ ನಡೆಯುವುದಿಲ್ಲ.

ಭಾನುವಾರ ನಾನು ಮಂಡ್ಯಕ್ಕೆ ಬರುವುದಿದೆ. ಬೇಕಾದರೆ ನನ್ನ ಗಾಡಿ ನಿಮ್ಮೂರಿಗೆ ತರುತ್ತೇನೆ. ಮನೆಯವರನ್ನೂ ಕೂರಿಸಿ ನೋಡಿ. ಅಗಲ ಸೀಟು ನನ್ನ ಹತ್ತಿರ ಇಲ್ಲ. ಕುವೆಂಪುನಗರದವರು ಬಂದರೆ ಎರಡೂ ಒಟ್ಟಿಗೆ ನೋಡಿದ ಹಾಗಾಗುತ್ತದೆ.

ಕುವೆಂಪುನಗರ_ಕ್ರೂಸರ್ · ಬುಧವಾರ ಸಂಜೆ 7:44

ಬರುತ್ತೇನೆ. ಮದ್ದೂರು ವಡೆ ಕೊಡಿಸಬೇಕು, ಷರತ್ತು ಇಷ್ಟೇ.

ಸಕ್ಕರೆ_ಊರಿನವನು · ಬುಧವಾರ ರಾತ್ರಿ 8:30

ವಡೆ ಏನು ಸಾರ್, ಮನೆಯಲ್ಲೇ ಊಟ. ಮುದ್ದೆ, ಬಸ್ಸಾರು ಆಗಬಹುದಲ್ಲ?

ಸಕ್ಕರೆ_ಊರಿನವನು · ಭಾನುವಾರ ರಾತ್ರಿ 9:10

ಇವತ್ತು ನಡೆದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೆಳಿಗ್ಗೆಯೇ ಮಗಳ ಸ್ಕೂಲ್ ಸ್ಕೇಲ್ ಮತ್ತು ಒಂದು ರಿಪೀಸ್ ಪಟ್ಟಿ ತೆಗೆದುಕೊಂಡು ನಾಲೆ ಏರಿಯ ಹಂಪಿನ ಹತ್ತಿರ ಹೋದೆ. ಪಟ್ಟಿ ಹಂಪಿನ ಮೇಲೆ ಅಡ್ಡ ಇಟ್ಟು ಅಳೆದೆ. ನಡುವೆ 12 ಸೆಂಟಿಮೀಟರ್. ಎಡ ಅಂಚಿನಲ್ಲಿ ಟ್ರ್ಯಾಕ್ಟರ್ ಚಕ್ರ ತಿಂದು 9. ಟೀ ಅಂಗಡಿಯವರೆಲ್ಲ ಎದ್ದು ಬಂದರು, ರಸ್ತೆ ಕಂಟ್ರಾಕ್ಟ್ ನನಗೆ ಸಿಕ್ಕಿದೆ ಅಂದುಕೊಂಡು.

ಹತ್ತು ಗಂಟೆಗೆ ಎರಡು ಗಾಡಿಯೂ ಬಂದವು. ಆಸ್ಟ್ರಲ್‌ನಲ್ಲಿ ನಾನೊಬ್ಬನೇ ನಡುವೆ ದಾಟಿದೆ, ಏನೂ ತಗಲಲಿಲ್ಲ. ಮನೆಯವಳನ್ನು ಕೂರಿಸಿಕೊಂಡು ದಾಟಿದೆ, ಕರ್ರ್. ಪಶ್ಚಿಮವಾಹಿನಿ ಸಾರ್ ಮುಖ ನೋಡುವುದಕ್ಕೆ ಆಗಲಿಲ್ಲ. ಅವರೇ ಟೂಲ್ ಕಿಟ್ ತೆಗೆದು ಹಿಂದಿನ ಎರಡೂ ಶಾಕಪ್‌ನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಎರಡು ಮೆಟ್ಟಿಲು ಏರಿಸಿದರು. ಸ್ಪ್ಯಾನರ್ ಜಾರಿ ಗೆಣ್ಣು ಸುಲಿದುಕೊಂಡರು, ಪಾಪ. ಮತ್ತೆ ಇಬ್ಬರೂ ದಾಟಿದೆವು, ಅಂಚಿನಲ್ಲಿ ನಿಧಾನಕ್ಕೆ. ಸದ್ದಿಲ್ಲ. ನಡುವೆ ದಾಟಿದರೆ ಈಗಲೂ ಒಂದು ಚೂರು ಸವರುತ್ತದೆ. ಪ್ರಿಲೋಡ್ ಏರಿಸಿದ್ದಕ್ಕೆ ಹಿಂದೆ ಗಟ್ಟಿಯಾಯಿತು, ಅದು ಮನೆಯವಳಿಗೆ ತಕ್ಷಣ ಗೊತ್ತಾಯಿತು.

ಆಮೇಲೆ ಇಬ್ಬರೂ ಬಸರಾಳಿನ ತನಕ ಹೋಗಿ ಬಂದೆವು. ಹೋಗುವಾಗ ಆಸ್ಟ್ರಲ್, ಬರುವಾಗ ಸೆಲೆಸ್ಟಿಯಲ್. ಇಳಿದ ಮೇಲೆ ಅವಳು ಹೇಳಿದ್ದು ಇಷ್ಟು: "ಮೊದಲನೆಯದರಲ್ಲಿ ನೀನು ಬ್ರೇಕ್ ಹಾಕಿದಾಗಲೆಲ್ಲ ಗೊತ್ತಾಯಿತು. ಎರಡನೆಯದರಲ್ಲಿ ಕಬ್ಬು ಸೂಲಂಗಿ ಬಿಟ್ಟಿರುವುದು ಕಂಡಿತು." ಸೀಟು, ಒರಗು ಎರಡೂ ಬೇಕು ಅಂತ ತೀರ್ಮಾನ ಆಯಿತು. ಗಾಜಿನ ಬಗ್ಗೆ ಕೇಳಿದರೆ "ಯಾವ ಗಾಜು?" ಅಂದಳು. ಹಿಂದಿನ_ಸೀಟು ಮೇಡಂ, ನಿಮ್ಮ ಮಾತು ನೆನಪಾಗಿ ನಕ್ಕೆ. ನನಗಂತೂ 70ರಲ್ಲಿ ಗಾಜು ಇದ್ದದ್ದಕ್ಕೂ ಇಲ್ಲದ್ದಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮಡಿಕೇರಿಗೆ ತಿಂಗಳಿಗೊಮ್ಮೆ ಹೋಗುವ ಯೋಗ ನನಗಿಲ್ಲ.

ಅಮ್ಮ ಒರಗು ಇದ್ದ ಗಾಡಿಯಲ್ಲಿ ಕೂತು ಮೇಷ್ಟ್ರ ಮನೆಯವರು ಅಂದದ್ದನ್ನೇ ಅಂದರು, ಇನ್ನೂ ಖಾರವಾಗಿ. ಹಾಗಾಗಿ ಅಮ್ಮನಿಗೆ ಹಳೇ 100 ಸಿಸಿಯೇ. ದೇವಸ್ಥಾನಕ್ಕೆ ಅದರಲ್ಲೇ ಹೋಗೋಣ, ಅದಕ್ಕೆ ದೇವರ ಪರಿಚಯವೂ ಇದೆ ಅಂದರು.

ಆಸ್ಟ್ರಲ್ ಕಪ್ಪು ಬುಕ್ ಮಾಡುತ್ತಿದ್ದೇನೆ. ರಿಜಿಸ್ಟ್ರೇಷನ್ ಆದ ಮೇಲೆ ಅಗಲ ಸೀಟು, ಒರಗು. ಲೆಕ್ಕದ_ಪುಸ್ತಕ ಸಾರ್, ಹ್ಯಾಂಡ್ಲಿಂಗ್ ಚಾರ್ಜ್ ಮೂರು ಸಲ ಕೇಳುತ್ತೇನೆ. ಭಾವಮೈದ ಮಾತು ಬಿಟ್ಟಿದ್ದಾನೆ, ಹಸಿರು ತಗೊಳ್ಳಲಿಲ್ಲ ಅಂತ.

ಲೆಕ್ಕದ_ಪುಸ್ತಕ · ಭಾನುವಾರ ರಾತ್ರಿ 9:32

ಒರಗು ಹಾಕಿಸುವಾಗ ಇನ್ಶೂರೆನ್ಸ್ ಮರೆಯಬೇಡಿ.

ಹಿಂದಿನ_ಸೀಟು · ಭಾನುವಾರ ರಾತ್ರಿ 9:50

ಆ ನಡುವಿನ ಹಂಪು ಈಗಲೂ ಸವರುತ್ತದೆ ಅಂದಿರಲ್ಲ, ಅದಕ್ಕೆ ಏನು ಮಾಡುತ್ತೀರಿ?

ಸಕ್ಕರೆ_ಊರಿನವನು · ಭಾನುವಾರ ರಾತ್ರಿ 9:55

ಎದುರಿಂದ ಗಾಡಿ ಇಲ್ಲದಿದ್ದರೆ ಅಂಚು ಹಿಡಿಯುತ್ತೇನೆ. ಇದ್ದರೆ ಅವಳು ಇಳಿದು ದಾಟುತ್ತಾಳಂತೆ. ಹೇಗೂ ಅಲ್ಲೇ ಅವಳ ಚಿಕ್ಕಮ್ಮನ ಮನೆ, ಎರಡು ಮಾತಾಡಿ ಬರುತ್ತಾಳೆ. ನಾನು ಅರ್ಧ ಗಂಟೆ ಇಂಜಿನ್ ಆಫ್ ಮಾಡಿಕೊಂಡು ನಿಲ್ಲಬೇಕು, ಮೂತಿ ಏರಿನ ಕಡೆ ಮಾಡಿ.